ಮೋತಿಯ ಎಡಗಿವಿ

ಮೋತಿ ಎದ್ದು ಎರಡು ಹೆಜ್ಜೆ ಇಟ್ಟು ಎಡಕ್ಕೆ ಉರುಳಿತು. ಮತ್ತೆ ಎದ್ದಿತು, ಮತ್ತೆ ಉರುಳಿತು. ಅದರ ಕಣ್ಣುಗುಡ್ಡೆಗಳು ಅತ್ತಿಂದಿತ್ತ ಓಡುತ್ತಿದ್ದವು. ತಿಪ್ಪೇಸ್ವಾಮಿಯ ಕೈಯಲ್ಲಿ ಎಣ್ಣೆ ಕಾಯಿಸಿದ ಸೌಟು ಇನ್ನೂ ಬೆಚ್ಚಗಿತ್ತು.

ವಾರದಿಂದ ಬೆಕ್ಕು ಕಿವಿ ಕೆರೆದುಕೊಳ್ಳುತ್ತಿತ್ತು. ಒಳಗೆ ಕಾಫಿ ಪುಡಿಯಂಥ ಕಪ್ಪು ಕೊಳೆ. ಮಗಳು ಧಾರಿಣಿ ಕಾಲೇಜಿಗೆ ಹೊರಡುವಾಗ, "ಪಪ್ಪಾ, ಸಂಜೆ ಡಾಕ್ಟರ್ ಹತ್ರ ಹೋಗೋಣ. ಆಪ್ ಕುಛ್ ಮತ್ ಕರ್ನಾ, ನೀವೇನೂ ಮಾಡೋಕೆ ಹೋಗ್ಬೇಡಿ," ಎಂದು ಬೆರಳು ಅಲ್ಲಾಡಿಸಿ ಹೋಗಿದ್ದಳು. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಉತ್ತರದಲ್ಲೇ ನೆಲೆಸಿದವನಿಗೆ ಅದು ನಾಟಿತು. ಬೆಕ್ಕಿನ ಕಿವಿಗೂ ಡಾಕ್ಟರೇ? ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಕಾಯಿಸಿ ಎಡಗಿವಿಗೆ ಬಿಟ್ಟ. ಇದೇ ಮಗಳ ಕಿವಿಗೆ ಎಷ್ಟು ಸಲ ಬಿಟ್ಟಿರಲಿಲ್ಲ!

ಈಗ ಸೌಟು ತೊಳೆದ. ಬೆಳ್ಳುಳ್ಳಿ ಸಿಪ್ಪೆಯನ್ನು ಕಸದ ತಳಕ್ಕೆ ತುರುಕಿದ. ಆಮೇಲೆ ಮಗಳಿಗೆ ಫೋನ್ ಮಾಡಿ, "ನಿನ್ನ ಬೆಕ್ಕಿಗೆ ಏನೋ ಆಗಿದೆ, ಬೇಗ ಬಾ," ಎಂದು ಗದರಿದ.

ಮಗಳ ಜೊತೆ ಇಂದಿರಾಪುರಂನ ಕ್ಲಿನಿಕ್ಕಿಗೆ ಹೋಗುವಾಗ ದಾರಿಯುದ್ದಕ್ಕೂ ಆಟೊದವನ ಮೇಲೆ ಕೂಗಾಡಿದ. "ಭಯ್ಯಾ, ಸೋ ರಹಾ ಹೈ ಕ್ಯಾ? ನಿದ್ದೇನಾ? ಚಲೋ!" ಮೋತಿಯಿದ್ದ ಬುಟ್ಟಿಯೊಳಗಿಂದ ಸದ್ದೇ ಇರಲಿಲ್ಲ.

ಡಾಕ್ಟರ್ ಅದಿತಿ ಕಿವಿಯೊಳಗೆ ದೀಪ ಬಿಟ್ಟು ನೋಡಿದರು. "ಹುಳ ಆಗಿದೆ. ಕೊಳೆ ತುಂಬಿ ಕಿವಿತಮಟೆ ಕಾಣಿಸ್ತಿಲ್ಲ. ಮನೆಯಲ್ಲಿ ಏನಾದರೂ ಹಾಕಿದ್ರಾ?"

"ಇಲ್ಲ," ಎಂದ ತಿಪ್ಪೇಸ್ವಾಮಿ.

ಡಾಕ್ಟರ್ ಪುಟ್ಟ ಬಾಟಲಿ ಎತ್ತಿಕೊಂಡರು. "ಕೊಳೆ ಕರಗಿಸೋ ಔಷಧಿ. ತಮಟೆ ತೂತಾಗಿದ್ರೆ ಮಾತ್ರ ಹಾಕೋ ಹಾಗಿಲ್ಲ, ಒಳಕಿವಿಯೇ ಹೋಗಿಬಿಡುತ್ತೆ."

ಬಾಟಲಿಯ ಮೂತಿ ಕಿವಿಯ ಹತ್ತಿರ ಬಂತು. ಮೋತಿಯ ಕಣ್ಣು ಇನ್ನೂ ಓಡುತ್ತಲೇ ಇತ್ತು.

"ನಿಲ್ಲಿಸಿ!" ತಿಪ್ಪೇಸ್ವಾಮಿ ಕೈ ಅಡ್ಡ ಹಿಡಿದ. "ಎಣ್ಣೆ ಬಿಟ್ಟಿದ್ದೀನಿ. ಬೆಳ್ಳುಳ್ಳಿ ಎಣ್ಣೆ. ಬಿಸಿ ಇತ್ತು."

ಧಾರಿಣಿ ಅಪ್ಪನ ಮುಖ ನೋಡಿದಳು. "ಪಪ್ಪಾ, ಸಚ್ ಮೇ? ನಿಜವಾಗ್ಲೂ? ಆಗಲೇ ಇಲ್ಲ ಅಂದ್ರಲ್ಲ!"

ಡಾಕ್ಟರ್ ಬಾಟಲಿ ಕೆಳಗಿಟ್ಟರು. "ಬೆಕ್ಕಿನ ಕಿವಿಯ ದಾರಿ ಕೆಳಗಿಳಿದು ಒಳಕ್ಕೆ ತಿರುಗುತ್ತೆ ಅಂಕಲ್. ಸುರಿದದ್ದು ಹೊರಗೆ ಬರದೆ ತಮಟೆಯ ಮೇಲೇ ನಿಲ್ಲುತ್ತೆ, ಬಿಸಿಗೆ ಅದು ತೂತಾಗಿರಬಹುದು."

ಮಂಪರು ಬರಿಸಿ, ಉಗುರು ಬೆಚ್ಚನೆಯ ಸಲೈನಿನಲ್ಲಿ ತೊಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ತಮಟೆ ತೂತಾಗಿತ್ತು. "ಔಷಧಿ ಹಾಕಿದ್ರೆ ಒಳಕಿವಿ ಕೆಟ್ಟೇ ಹೋಗ್ತಿತ್ತು," ಎಂದರು ಡಾಕ್ಟರ್. "ತೂತು ಕೂಡಿಕೊಳ್ಳಬಹುದು. ಆ ಕಿವಿ ಕೇಳುತ್ತೋ ಇಲ್ಲವೋ, ಈಗಲೇ ಹೇಳಲಾರೆ."

ಹದಿನೈದನೇ ದಿನ ಮೋತಿ ನೆಟ್ಟಗೆ ನಡೆಯಿತು, ತಲೆ ಮಾತ್ರ ಕೊಂಚ ವಾಲಿತ್ತು. ಅದು ಕಿಟಕಿಯಲ್ಲಿ ಕೂತಿದ್ದಾಗ ಧಾರಿಣಿ ಹಿಂದಿನಿಂದ ಬಂದು ಎಡಗಿವಿಯ ಬಳಿ ಚಿಟಿಕೆ ಹೊಡೆದಳು.

ತಿಪ್ಪೇಸ್ವಾಮಿ ಮುಖ ಗೋಡೆಗೆ ತಿರುಗಿಸಿದ್ದ.

"ತಿರುಗಿತಾ?"

ಮೋತಿ ಕಿಟಕಿಯಾಚೆ ನೋಡುತ್ತಲೇ ಇತ್ತು.

"ಇನ್ನೊಂದು ಸಲ ಹೊಡಿಯಮ್ಮ," ಎಂದ. "ಸ್ವಲ್ಪ ಜೋರಾಗಿ."