ಪಪ್ಪಾ ಮಲಕೊಂಡ್ರ ಗೆಲ್ತೀವಿ

ಒಂಬತ್ತು ವರ್ಷದ ಹಿಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನ್ನ ಹೆಂಡತಿ ನೀಲಿಮಾಳಿಗೆ ಒಂದು ಮಾತು ಕೊಟ್ಟಿದ್ದೆ. ಮಗಳು ಶರ್ವರಿಗೆ ಆಗ ಎರಡು ವರ್ಷ. ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ನಿದ್ದೆ ಹೋಗಿದ್ದೆ. ತರಕಾರಿ ತರಲು ಹೋಗಿದ್ದ ನೀಲಿಮಾ ಮರಳಿ ಬಂದಾಗ ಕೂಸಿನ ತುಟಿ ಕಪ್ಪಿಟ್ಟಿತ್ತು. ಅದಕ್ಕೆ ದಮ್ಮು ಇದೆ ಎಂದು ನಮಗೆ ಗೊತ್ತಾದದ್ದೇ ಅಂದು.

"ಆಕಿ ಒಬ್ಬಾಕಿನ ನಿಮ್ಮ ಕೈಯಾಗ ಇದ್ದಾಗ ಇನ್ನಮ್ಯಾಲೆ ಕಣ್ಣು ಮುಚ್ಚೂದಿಲ್ಲಂತ ಮಾತು ಕೊಡ್ರಿ," ಅಂದಳು.

"ಕೊಟ್ಟೆ," ಅಂದೆ.

ಇಷ್ಟು ವರ್ಷ ನಡೆಸಿಕೊಂಡು ಬಂದೆ. ನಿಂತು ತೂಕಡಿಸಿದ್ದೇನೆ, ಕಣ್ಣಿಗೆ ತಣ್ಣೀರು ಹೊಡೆದುಕೊಂಡಿದ್ದೇನೆ, ಮಲಗಿರಲಿಲ್ಲ.

ನಮ್ಮ ಮನೆಯಲ್ಲಿ ಕ್ರಿಕೆಟ್ ಮ್ಯಾಚಿಗೆ ಒಂದು ಕಟ್ಟಳೆ ಇದೆ. ಭಾರತ ಚೆನ್ನಾಗಿ ಆಡುತ್ತಿದ್ದರೆ ಯಾರೂ ಕೂತ ಜಾಗ ಬಿಟ್ಟು ಏಳಬಾರದು. ಎದ್ದರೆ ವಿಕೆಟ್ ಬಿತ್ತು ಎಂದೇ ಲೆಕ್ಕ. ಮೊನ್ನೆ ಬುಧವಾರದ ಸೆಮಿಫೈನಲ್ಲಿಗೆ ಇದಕ್ಕೆ ಹೊಸದೊಂದು ಸೇರಿತು. ಅಂದು ನೀಲಿಮಾ ಮನೆಯಲ್ಲಿದ್ದಳು, ಹಾಗಾಗಿ ನಾನು ಸೋಫಾದ ಮೂಲೆಯಲ್ಲಿ ನಿಶ್ಚಿಂತೆಯಿಂದ ಗೊರಕೆ ಹೊಡೆದೆ. ನಡುವೆ ಎರಡು ಸಲ ಎಚ್ಚರಾಯಿತು. ಎರಡೂ ಸಲ ವಿಕೆಟ್ ಬಿತ್ತು. ಬೆಳಗಾವಿಯಿಂದ ತಮ್ಮ ವಿಕಾಸ ಫೋನಿನಲ್ಲಿ ಕೂಗಿದ: "ಶರೂ, ನಿಮ್ಮಪ್ಪನ್ನ ಮದಲ ಮಲಗಸವಾ! ಆಂವ ಕಣ್ಣು ತಗದ್ರ ನಮ್ಮ ತಂಡಕ್ಕ ಶನಿ ಬಡೀತೈತಿ!" ಮತ್ತೆ ಮಲಗಿದೆ. ಗೆದ್ದರು. "ಪಪ್ಪಾ ಮಲಕೊಂಡ್ರ ಗೆಲ್ತೀವಿ," ಎಂದು ಶರ್ವರಿ ಮನೆ ತುಂಬ ಕುಣಿದಳು. ನಾನೂ ನಕ್ಕೆ.

ಭಾನುವಾರ ಫೈನಲ್. ಮಗರಪಟ್ಟಾದ ಆಫೀಸೊಂದರಲ್ಲಿ ಸೂಪರ್‌ವೈಸರ್ ಆಗಿರುವ ನೀಲಿಮಾಳಿಗೆ ಅಂದು ಡ್ಯೂಟಿ ಬಿತ್ತು. ಹೊರಡುವಾಗ ನನ್ನ ಮುಖ ನೋಡಿದಳು. ಶನಿವಾರದ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದೆ.

"ನಿದ್ದಿ ತಡೀಲಿಕ್ಕೆ ಆಗಲಿಲ್ಲಂದ್ರ ಆಕಿನ್ನ ಎದುರು ಮನಿ ಕೇದಾರನ ಕಡೆ ಕಳಸ್ರಿ. ಅವರೂ ಮ್ಯಾಚ್ ನೋಡತಾರ."

"ಮಮ್ಮಿ, ಅಲ್ಲಿ ನನ್ನ ಜಾಗಾ ಇಲ್ಲ!" ಎಂದಳು ಶರ್ವರಿ. ಸೆಮಿಫೈನಲ್ಲಿನಲ್ಲಿ ಟೀವಿಯ ಮುಂದೆ ನೆಲಕ್ಕೆ ಹಾಕಿದ ಹಳದಿ ದಿಂಬಿನ ಮೇಲೆ ಕೂತಿದ್ದಳಂತೆ. ಇಂದೂ ಅದೇ ದಿಂಬು ಬೇಕು.

"ನಾ ಇರ್ತೀನಿ, ಹೋಗಿ ಬಾ," ಎಂದೆ.

ಮೂರು ಸಲ ಚಹಾ ಕುಡಿದೆ. ಎದುರು ತಂಡದ ಬ್ಯಾಟಿಂಗನ್ನೆಲ್ಲ ಅಡ್ಡಾಡುತ್ತಲೇ ನೋಡಿದೆ. ನಮ್ಮವರು ಆಡಲು ಬಂದರು, ಮೂವತ್ತು ಓವರ್ ದಾಟಿತು. "ಪಪ್ಪಾ, ನಿನ್ನ ಜಾಗಾದಾಗ ಕೂಡು," ಎಂದಳು. ಕೂತೆ. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ.

ಎಚ್ಚರಾದದ್ದು ಸೀಟಿಯ ಸದ್ದಿಗೆ. ಮೈದಾನದಲ್ಲಿ ಯಾರೋ ಊದುತ್ತಿದ್ದಾರೆ ಅಂದುಕೊಂಡೆ. ಸಣ್ಣ, ಎಳೆದ ಸೀಟಿ; ನಿಲ್ಲುತ್ತದೆ, ಮತ್ತೆ ಬರುತ್ತದೆ. ಆಮೇಲೆ ಅದು ಟೀವಿಯೊಳಗಿಂದ ಬರುತ್ತಿಲ್ಲ ಎಂದು ತಿಳಿಯಿತು.

ಶರ್ವರಿ ದಿಂಬಿನ ಮೇಲೇ ಇದ್ದಳು. ಎರಡೂ ಕೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿದ್ದಳು. ಉಸಿರೆಳೆದಾಗಲೆಲ್ಲ ಕತ್ತಿನ ಬುಡ ಬಟ್ಟಲಿನಂತೆ ಒಳಗೆ ಹೋಗುತ್ತಿತ್ತು. ನಾನು ಎದ್ದದ್ದು ಕಂಡು ಕೈ ಅಲ್ಲಾಡಿಸಿದಳು.

"ಏಳಬ್ಯಾಡ... ಪಪ್ಪಾ... ಹನ್ನೆರಡ... ಬೇಕು..."

ಹನ್ನೆರಡು ರನ್. ಒಳಗೆ ಓಡಿದೆ.

ಅವಳ ದಮ್ಮಿನ ಔಷಧಿಯ ಪಂಪು ಒಳಗಿನ ಕೋಣೆಯಲ್ಲಿ, ಶಾಲೆಯ ಚೀಲದಲ್ಲಿತ್ತು. ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೆ ಜಾಗ ಬಿಟ್ಟು ಏಳಬೇಕಿತ್ತು, ಅವಳು ಎದ್ದಿರಲಿಲ್ಲ. ಕೂಗಿದರೆ ನಾನು ಏಳುತ್ತಿದ್ದೆ, ಕೂಗಿರಲಿಲ್ಲ. ಪಂಪು ತಂದು ಬಾಯಿಗಿಟ್ಟು ಒತ್ತಿದೆ. ಎರಡು, ನಾಲ್ಕು, ಆರು ಸಲ. ಕಡೆಯ ಸಲ ಬರೀ ಗಾಳಿ ಬಂತು. ಡಬ್ಬಿ ಖಾಲಿ.

ಆಗ ಸೀಟಿ ನಿಂತಿತು.

ಡಾಕ್ಟರು ಹಿಂದೆಯೇ ಹೇಳಿದ್ದರು: ಸೀಟಿ ಇದ್ದರೆ ಗಾಳಿ ಹೋಗುತ್ತಿದೆ ಎಂದರ್ಥ, ಎದೆ ಸುಮ್ಮನಾದರೆ ಹೆದರಬೇಕು ಎಂದು. ಹನ್ನೊಂದು ವರ್ಷದ ಹುಡುಗಿಯನ್ನು ಕೂಸಿನಂತೆ ಎತ್ತಿಕೊಂಡು ಕೇದಾರನ ಬಾಗಿಲನ್ನು ಕಾಲಿನಿಂದ ಒದ್ದೆ.

ಕೇದಾರ ಏಳುತ್ತಿದ್ದಂತೆ, ಏಳಬೇಡ, ವಿಕೆಟ್ ಹೋಗುತ್ತದೆ ಎಂದು ಒಳಗಿನಿಂದ ಅವನ ಗೆಳೆಯರು ಮರಾಠಿಯಲ್ಲಿ ಚೀರಿದರು: "ಏ, ಉಠೂ ನಕೋ ರೇ! ವಿಕೆಟ್ ಜಾಯೀಲ!"

ಬಾಗಿಲು ತೆರೆದವನು ಶರ್ವರಿಯ ತುಟಿ ನೋಡಿದ. ಒಂದು ಮಾತೂ ಕೇಳದೆ ಕಾರಿನ ಕೀಲಿ ತೆಗೆದುಕೊಂಡು ಬರಿಗಾಲಲ್ಲೇ ಲಿಫ್ಟಿಗೆ ಓಡಿದ.

ನಮ್ಮ ಹಡಪಸರದ ರಸ್ತೆಯನ್ನು ಅಷ್ಟು ಖಾಲಿಯಾಗಿ ನಾನು ಎಂದೂ ಕಂಡಿರಲಿಲ್ಲ. ದೇವರೇ, ಹೀಗೇ ಇರಲಿ ಎಂದುಕೊಂಡೆ. ಐದು ನಿಮಿಷವೂ ಇರಲಿಲ್ಲ. ಸುತ್ತಲಿನ ಕಟ್ಟಡಗಳಿಂದ ಒಮ್ಮೆಲೇ ಹೋ ಎಂಬ ಕೂಗು ಎದ್ದಿತು. ಗೆದ್ದಿದ್ದರು. ಎಲ್ಲಿದ್ದರೋ ಏನೋ, ಹುಡುಗರು ಬಾವುಟ ಹಿಡಿದು ರಸ್ತೆಗೆ ಸುರಿದರು. ಪಟಾಕಿಯ ಸರ ಹತ್ತಿತು. ಹೊಗೆ ಗಾಜಿಗೆ ಬಂದು ಬಡಿಯಿತು. ಕೇದಾರ ಹಾರ್ನ್ ಒತ್ತಿ ಹಿಡಿದ. ಅವರು ಅದನ್ನೂ ಸಂಭ್ರಮ ಅಂದುಕೊಂಡು ಬಾನೆಟ್ಟಿನ ಮೇಲೆ ತಾಳ ಹಾಕಿದರು.

ಆಸ್ಪತ್ರೆಯ ಬೋರ್ಡು ಕಾಣುತ್ತಿತ್ತು, ಕಾರು ಕದಲುತ್ತಿರಲಿಲ್ಲ. ಶರ್ವರಿಯ ತಲೆ ನನ್ನ ಭುಜದ ಮೇಲೆ ವಾಲಿತು.

"ಶರೂ. ಶರೂ, ನನ್ನ ನೋಡವಾ."

ನೋಡಲಿಲ್ಲ.

ಅವಳ ಮೂಗು ಬಾಯಿಗೆ ನನ್ನ ಶರ್ಟಿನ ತುದಿ ಮುಚ್ಚಿ, ಬಾಗಿಲು ತೆರೆದು ಹೊಗೆಯೊಳಗೆ ಇಳಿದು ಓಡಿದೆ. "ಬಾಜೂಲಾ ವ್ಹಾ! ಬಾಜೂಲಾ!" ಎಂದು ಕೇದಾರ ಮುಂದೆ ಜನರನ್ನು ಎರಡೂ ಕೈಯಿಂದ ಪಕ್ಕಕ್ಕೆ ತಳ್ಳುತ್ತಿದ್ದ. ಯಾರೋ ನನ್ನ ಹಣೆಗೆ ಗುಲಾಲು ಬಳಿದರು. ಬೆನ್ನ ಮೇಲೆ ಬಡಿದು ಗೆದ್ದೆವು ಅಂದರು. ನನ್ನ ಕತ್ತಿಗೆ ಅವಳ ಉಸಿರು ತಾಗುತ್ತಿದೆಯೋ ಇಲ್ಲವೋ ಎಂಬುದೊಂದೇ ನನಗೆ ಬೇಕಿತ್ತು. ಆ ಗದ್ದಲದಲ್ಲಿ ತಿಳಿಯಲಿಲ್ಲ.

ಒಳಗೆ ಮಂಚಕ್ಕೆ ಹಾಕಿಕೊಂಡು ಮುಖಕ್ಕೆ ಮಾಸ್ಕ್ ಇಟ್ಟರು, ಕೈಗೆ ಸೂಜಿ ಚುಚ್ಚಿದರು. ಡಾಕ್ಟರಮ್ಮ ತಿರುಗಿ ಕೇಳಿದರು, ಎಷ್ಟು ಹೊತ್ತಿನಿಂದ ಹೀಗಿದೆ?

"ಈಗಷ್ಟೇ," ಅಂದೆ.

"ಈಗಷ್ಟೇ ಅಲ್ಲ ಇದು," ಅಂದರು ಅವರು. "ಸರಿಯಾಗಿ ಹೇಳಿ."

ನನಗೆ ಗೊತ್ತಿರಲಿಲ್ಲ. ಪರದೆಯ ಹೊರಗೆ ಬಂದು ನಿಂತೆ. ಎಷ್ಟೋ ಹೊತ್ತಿನ ಮೇಲೆ ಪರದೆಯ ಆಚೆಯಿಂದ ಸೀಟಿ ಕೇಳಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನೀಲಿಮಾ ಆಫೀಸಿನ ಗುರುತಿನ ಚೀಟಿ ಕೊರಳಲ್ಲೇ ಬಿಟ್ಟುಕೊಂಡು ಬಂದಳು. ಮಗಳ ಹಣೆ ಮುಟ್ಟಿದಳು, ಎದೆಗೆ ಕಿವಿ ಇಟ್ಟಳು. ನನ್ನ ಹಣೆಯ ಗುಲಾಲು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಎಚ್ಚರ ಇದ್ರ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಶರ್ವರಿ ಮಾಸ್ಕ್ ಸರಿಸಿದಳು.

"ಇದ್ದ ಮಮ್ಮಿ. ಪಪ್ಪಾ ಎಚ್ಚರನ ಇದ್ದ."

ನೀಲಿಮಾ ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿದಳು. ನನ್ನ ಕಡೆ ತಿರುಗಲಿಲ್ಲ, ಕಾಯುತ್ತಿದ್ದಳು. ಮಗಳು ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತ ಸಣ್ಣಗೆ ತಲೆ ಅಲ್ಲಾಡಿಸಿದಳು, ಹೇಳಬೇಡ ಎಂಬಂತೆ.

"ಇಲ್ಲ ನೀಲಾ," ಅಂದೆ. "ಮಲಗಿದ್ದೆ. ಎಷ್ಟು ಹೊತ್ತು ಅನ್ನೂದೂ ಗೊತ್ತಿಲ್ಲ."

ಒಂಬತ್ತು ವರ್ಷದ ಹಿಂದೆ ಕೊಟ್ಟ ಮಾತನ್ನು ನಾನು ಮುರಿದಿದ್ದೆ.