ಹತ್ತನೆಯ ಡಬ್ಬಿ

ಹನ್ನೊಂದು ವರ್ಷ ಹುಡುಕಿದ ಹತ್ತನೆಯ ಡಬ್ಬಿ ಕೊನೆಗೂ ಸಿಕ್ಕಿತು, ಅದೂ ನಮಗೆ ಚೌಕಟ್ಟು ಕಟ್ಟಿಕೊಡುವವನ ಅಂಗಡಿಯ ಅಟ್ಟದ ಮೇಲೆ! ಎದೆಗವಚಿಕೊಂಡು ನೇರ ಅಕ್ಕನಿರುವ ಆರೈಕೆ ಮನೆಗೆ ಹೊರಟೆ.

ಡಬ್ಬಿ ಎಂದರೆ ಡಬ್ಬಿಯ ಚಿತ್ರ. ಅಂಗಡಿಯಲ್ಲಿ ಸಾಲಾಗಿಟ್ಟ ಸೂಪಿನ ಡಬ್ಬಿಯನ್ನೇ ದೊಡ್ಡದಾಗಿ ಬಿಡಿಸಿ ಜಗತ್ತಿನಲ್ಲೆಲ್ಲ ಹೆಸರು ಮಾಡಿದ ಪಾಪ್ ಆರ್ಟಿನ ಕಲಾವಿದನ ಹತ್ತು ಚಿತ್ರಗಳು. ಮೂಲಪ್ರತಿ ನಮ್ಮಂಥವರಿಗೆ ಕನಸಿನ ಮಾತು. ಅನುಮತಿ ಪಡೆದು, ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಪರದೆಯಿಟ್ಟು ಮತ್ತೆ ಅಚ್ಚು ಹಾಕಿದವನ್ನು ಅಕ್ಕ ಕೂಡಿಡುತ್ತಿದ್ದಳು. ಅವುಗಳ ಮೇಲೆ ಕಲಾವಿದನ ಸಹಿ ಇರುವುದಿಲ್ಲ. ಹಿಂಬದಿಯಲ್ಲಿ ನೀಲಿ ಮುದ್ರೆ: "ನಿಮ್ಮ ಸಹಿಯನ್ನು ನೀವೇ ಹಾಕಿಕೊಳ್ಳಿ." ಅದರ ಕೆಳಗೊಂದು ಖಾಲಿ ಗೆರೆ.

ಆ ಗೆರೆ ಕಂಡರೆ ಅಕ್ಕನ ಕೈ ತುರಿಸುತ್ತಿತ್ತು.

"ಒಂದಕ್ಕೆ ಹಾಕ್ಲೇನೇ? ಒಂದೇ ಒಂದಕ್ಕೆ?"

"ಕೈ ಮುರೀತೀನಿ ನೋಡು! ಸಹಿ ಹಾಕಿದ್ರೆ ಅದರ ಬೆಲೆ ಹೋಯ್ತು."

ನಾನು ಕಟ್ಟುಹಲ್ಲು ತಯಾರಿಸುವವಳು. ಕೂದಲೆಳೆ ಆಚೀಚೆಯಾದರೂ ಸಹಿಸುವುದಿಲ್ಲ. ಕೆಂಪು ಬಣ್ಣ ಎಲ್ಲಿ ಗೆರೆ ದಾಟಿದೆ ಎಂದು ಭೂತಗನ್ನಡಿ ಹಿಡಿದು ಅಂಗಡಿಯವರ ಜೀವ ತಿನ್ನುತ್ತಿದ್ದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ನನಗೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಆದರೂ ನಾನು ಕಣ್ಣು ಬಿಟ್ಟರೆ ಪೆನ್ನು ಮುಚ್ಚಿಡುತ್ತಿದ್ದಳು. ಅಷ್ಟಾದರೂ ನನಗೆ ನಂಬಿಕೆ ಸಾಲದೆ, ಪ್ರತಿ ಚೌಕಟ್ಟಿನ ಬೆನ್ನಿಗೂ ಕಾಗದ ಅಂಟಿಸಿ ಮುಚ್ಚಿಸಿಬಿಟ್ಟೆ.

"ಈ ಮನೇಲಿ ಹೊಟ್ಟೆ ತುಂಬಿರೋದು ಗೋಡೆಗೆ ಮಾತ್ರ" ಎಂದು ನಾನು ರೇಗಿಸಿದರೆ, "ಗೋಡೆ ನಿನ್ನ ಹಾಗೆ ವಟವಟ ಅನ್ನಲ್ಲ, ಅದಕ್ಕೇ ಬಡಿಸ್ತೀನಿ" ಎನ್ನುತ್ತಿದ್ದಳು.

ಒಂಬತ್ತು ಚಿತ್ರ ಗೋಡೆ ಸೇರಿದವು. ಹತ್ತನೆಯದಕ್ಕೆ ಮೊಳೆ ಹೊಡೆದು ಕಾದೆವು. ಕಾಯುತ್ತಿರುವಾಗಲೇ ಅಕ್ಕನ ನೆನಪು ಕೈಕೊಟ್ಟಿತು. ಮೊದಲು ಬೀಗದ ಕೈ ಎಲ್ಲಿಟ್ಟೆನೆಂದು ಮರೆತಳು, ಆಮೇಲೆ ಮನೆಯ ದಾರಿ, ಹೋದ ವರ್ಷ ನನ್ನನ್ನೇ.

ನನಗೀಗ ಬೆಲೆಯೂ ಬೇಡ, ಮಣ್ಣೂ ಬೇಡ. ಬಾಲ ಎಳೆದು ಎರಡು ಚುಕ್ಕಿ ಇಡುವ ಅವಳ ಆ ಸಹಿ ಬೇಕು. ಸಿಕ್ಕಸಿಕ್ಕ ಕಾಗದದ ಮೇಲೆಲ್ಲ ಈಗಲೂ ಸಹಿ ಗೀಚುತ್ತಾಳೆ ಎಂದು ನರ್ಸ್ ಹೇಳಿದ್ದಳು. ಒಂದು ಗೆರೆ ಬಿಟ್ಟುಕೊಡಲು ಇಷ್ಟು ವರ್ಷ ಸತಾಯಿಸಿದೆನಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ.

ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಚಿತ್ರವನ್ನು ಮಡಿಲಲ್ಲಿಟ್ಟೆ. ಕೆಂಪಿನ ಅಂಚಿನ ಮೇಲೆ ಬೆರಳಾಡಿಸಿದಳು.

"ಬಣ್ಣ ಚೂರೂ ಗೆರೆ ದಾಟಿಲ್ಲ" ಎಂದಳು.

ನನ್ನ ಜೀವ ಜಿಗಿಯಿತು. ಚಿತ್ರ ತಿರುಗಿಸಿ ಗೆರೆ ತೋರಿಸಿ ಪೆನ್ನು ಕೊಟ್ಟೆ. "ಹಾಕಕ್ಕ, ನಿನ್ನ ಸಹಿ."

"ಅಯ್ಯಯ್ಯೋ, ಬೇಡಮ್ಮ!" ಪೆನ್ನು ಹಿಂದಕ್ಕೆಳೆದುಕೊಂಡಳು. "ನನ್ನ ತಂಗಿ ಸುಮ್ನೆ ಬಿಡ್ತಾಳಾ? ಬೈತಾಳೆ."

"ಬೈಯಲ್ಲ ಕಣೇ ಅಕ್ಕಾ. ನಿನ್ನ ದಮ್ಮಯ್ಯ, ಹಾಕು. ನಾನೇ ಹೇಳ್ತಿದೀನಲ್ಲ!"

ಅಳು ತಡೆಯಲಾಗಲಿಲ್ಲ. ಯಾರೋ ಹೊರಗಿನವರಿಗೆ ಸಮಾಧಾನ ಹೇಳುವಂತೆ ನನ್ನ ಕೈ ತಟ್ಟಿದಳು.

"ಅಳಬೇಡಿ. ನಿಮಗೆ ಅವಳು ಗೊತ್ತಿಲ್ಲ. ಬಾಯಿ ಜೋರು, ಮನಸ್ಸು ಬೆಣ್ಣೆ. ಕೆಲಸ ಮುಗಿಸ್ಕೊಂಡು ಇನ್ನೇನು ಬರ್ತಾಳೆ. ಅವಳನ್ನ ಒಂದು ಮಾತು ಕೇಳಿ ಹಾಕ್ತೀನಿ, ಆಯ್ತಾ? ಕೂತ್ಕೊಳ್ಳಿ."

ಪೆನ್ನಿಗೆ ಮುಚ್ಚಳ ಹಾಕಿ, ಬಾಗಿಲ ಕಡೆ ತಿರುಗಿ ಕೂತಳು. ನಾನೂ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು ಬಾಗಿಲನ್ನೇ ನೋಡಿದೆ.