ಬೋರಲು ಹಾಕಿದ ಅಳತೆ ಜಾರ್

ಹೊಳೆಯುತ್ತಿದೆ, ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕಿದ ಅಳತೆ ಜಾರ್, ಹೆಬ್ಬಾಳದ ಕೆರೆಯ ಕಡೆಯಿಂದ ಬರುವ ಬಿಸಿಲು ಅದರೊಳಗೆ ಹಾಯ್ದು ನೂರು ಇನ್ನೂರು ಮುನ್ನೂರರ ಗೆರೆಗಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬರೆದಿದೆ — ಒಂದು ಹನಿ ಇಲ್ಲ, ತೊಳೆದು ಒರೆಸಿ ಇಟ್ಟದ್ದು, ಎಷ್ಟು ಚೊಕ್ಕ ಹೆಂಗಸು ಈ ದ್ರೌಪದಮ್ಮ, ರೋಗಿಗಳ ಹೆಂಡತಿಯರೆಲ್ಲ ಹೀಗಿದ್ದರೆ ನಮ್ಮ ಆಯಾಗಳು ಕಾಲು ಚಾಚಿ ಕೂರಬಹುದಿತ್ತು, ನಾನೇ ಮೊನ್ನೆ ಬಾಯ್ತುಂಬ ಹೊಗಳಿದ್ದೆ, ಆಕೆ ನಾಚಿ ಸೆರಗು ಕಚ್ಚಿಕೊಂಡಿದ್ದಳು — ಜಾರ್ ಹೊಳೆಯುತ್ತಿದೆ ಸರಿ, ಆದರೆ ನನ್ನ ಕೈಯಲ್ಲಿರುವ ಈ ಚಾರ್ಟ್, ನಿನ್ನೆ ಹಗಲೆಲ್ಲ ಮೂತ್ರ ಐವತ್ತು ಮಿಲಿ, ಇವತ್ತು ಬೆಳಿಗ್ಗೆ ಎಂಟರಿಂದ ಸೊನ್ನೆ, ಈಗ ಗಂಟೆ ಹನ್ನೆರಡು. ಮೂರನೇ ಹಾಸಿಗೆಯ ಲಕ್ಕಣ್ಣ, ತಣಿಸಂದ್ರದವರು, ಮಂಡಿ ನೋವಿಗೆಂದು ಮೆಡಿಕಲ್ ಶಾಪಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ಕಡಲೆಬೀಜದ ಹಾಗೆ ತಿಂದು ಕಿಡ್ನಿ ಕೆಡಿಸಿಕೊಂಡು, ಮೈಯೆಲ್ಲ ನೀರು ತುಂಬಿ ಬಂದವರು, ಮೂತ್ರಕ್ಕೆ ಪೈಪ್ ಹಾಕಿದ್ದಷ್ಟು ದಿನ ಗಂಟೆಗೆ ಅರವತ್ತು ಮಿಲಿ ಚೆನ್ನಾಗಿಯೇ ಬರುತ್ತಿತ್ತು, ಮೊನ್ನೆ ಪೈಪ್ ತೆಗೆದೆವು, ಅಷ್ಟೇ, ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ. ಡಾಕ್ಟರ್ ಸಂಗಮೇಶ ಬೆಳಿಗ್ಗೆ ಚಾರ್ಟ್ ನೋಡಿ ಹುಬ್ಬು ಗಂಟಿಕ್ಕಿದರು, ಎರಡು ಗಂಟೆಗೆ ಬರ್ತೀನಿ ಸಿಸ್ಟರ್, ಹೀಗೇ ಇದ್ರೆ ಕುಡಿಯೋ ನೀರು ಅರ್ಧ ಲೀಟರಿಗೆ ಇಳಿಸಿ, ಪೈಪ್ ವಾಪಸ್ ಹಾಕಿ, ಡಯಾಲಿಸಿಸ್‌ಗೆ ಸಹಿ ತಗೊಳ್ಳಿ. ಲಕ್ಕಣ್ಣನವರು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು, ಆಮೇಲೆ ಮೆಲ್ಲಗೆ, ನಮ್ಮಣ್ಣ ಆ ಮಿಸಿನ್ನಿಗೆ ಓದೋನು ವಾಪಸ್ ಬರ್ಲಿಲ್ಲ ಕಣವ್ವ, ಎಂದರು, ಅದೆಲ್ಲ ಈಗ ಹಾಗಲ್ಲ ಅಂದೆ, ಅವರು ಕೇಳಿಸಿಕೊಳ್ಳಲಿಲ್ಲ.

ಆದರೆ ಲೆಕ್ಕ ಕೂಡುತ್ತಿಲ್ಲ, ಲೆಕ್ಕ ಕೂಡದಿದ್ದರೆ ನನಗೆ ಅನ್ನ ಸೇರುವುದಿಲ್ಲ, ಹನ್ನೊಂದು ವರ್ಷದಿಂದ ಹೀಗೇ, ಮನೆಯಲ್ಲಿ ಕಾಫಿ ಸೋಸುವಾಗಲೂ ಎಷ್ಟು ಮಿಲಿ ಎಂದು ನೋಡುವವಳು, ಅಪ್ಪ ನಗುತ್ತಾರೆ — ದಿನಕ್ಕೆ ಒಂದು ಲೀಟರ್ ಕುಡಿಯುವ ಮನುಷ್ಯ, ಅದು ಹೊರಗೆ ಬರದಿದ್ದರೆ ತೂಕ ಏರಬೇಕು, ಪಾದ ಊದಬೇಕು, ಬೆಳಿಗ್ಗೆ ತೂಕ ನೋಡಿದರೆ ನಿನ್ನೆಗಿಂತ ಒಂದು ಕಿಲೋ ಇನ್ನೂರು ಗ್ರಾಂ ಕಮ್ಮಿ, ಇನ್ನೊಂದು ಸಲ ನಿಲ್ಲಿಸಿದೆ, ಅಷ್ಟೇ ಕಮ್ಮಿ, ಅವರ ಬೆಳ್ಳಿಯ ಉಡುದಾರ ಬಂದ ದಿನ ಹೊಟ್ಟೆಗೆ ಕಚ್ಚಿ ಬರೆ ಎಳೆದಂತಿತ್ತು, ಇವತ್ತು ನನ್ನ ಎರಡು ಬೆರಳು ಅದರೊಳಗೆ ಆರಾಮಾಗಿ ಹೋದವು. ಹಾಗಾದರೆ ನೀರು ಎಲ್ಲಿ ಹೋಯಿತು, ಬೆವರಾಗಿ ಇಷ್ಟು ಹೋಗಲು ಇದೇನು ರಾಯಚೂರೇ, ರಾತ್ರಿ ಪಾಳಿಯ ಶಹರ್ಬಾನು ಬರೆದದ್ದು ಮುನ್ನೂರು, ಹಗಲು ನಾನು ಬರೆದದ್ದು ಐವತ್ತು, ಅಂದರೆ ಕಿಡ್ನಿ ನನ್ನ ಪಾಳಿಯಲ್ಲಿ ಮಾತ್ರ ಮುಷ್ಕರ ಹೂಡುತ್ತದೆಯೇ, ಶಹರ್ಬಾನು ಬಂದಾಗ ದ್ರೌಪದಮ್ಮ ಮಲಗಿರುತ್ತಾರೆ, ನಾನು ಬಂದಾಗ ಎದ್ದಿರುತ್ತಾರೆ — ಎದ್ದಿರುತ್ತಾರೆ, ಜಾರ್ ತೊಳೆದಿರುತ್ತದೆ. ಮೊನ್ನೆ, ಪೈಪ್ ತೆಗೆದ ಮೊನ್ನೆಯೇ ಅಲ್ಲವೇ ಆಕೆ ಕೇಳಿದ್ದು, ಯಾವೂರವ್ವ ನಿಂದು, ಸೋಲದೇವನಹಳ್ಳಿ ಅಂದೆ, ಯಾರ್ ಮಗಳು, ಮುನಿರಾಮಯ್ಯನ ಮಗಳು ಸರಳಾ, ಅಷ್ಟಕ್ಕೇ ಆಕೆ ನನ್ನ ಗಲ್ಲ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು, ಸೋಲದೇವನಹಳ್ಳಿ ಆಕೆಯ ತವರೂರು, ಅಪ್ಪ ಆಕೆಗೆ ವರಸೆಯಲ್ಲಿ ಅಣ್ಣ, ಬ್ಯಾಗಿನಿಂದ ಅರಿಶಿನ ಕುಂಕುಮದ ಪುಟ್ಟ ಡಬ್ಬಿ ತೆಗೆದು ವಾರ್ಡಿನ ನಡುವೆ ನನ್ನ ಹಣೆಗಿಟ್ಟಳು, ಅತ್ತೆ ಅನ್ನು ಅಂದಳು, ನಾನೂ ಸುಖವಾಗಿ ಅತ್ತೆ ಎಂದು ಕರೆದು ಮೆರೆದೆ — ಅಯ್ಯೋ ನನ್ನ ಬುದ್ಧಿಯೇ, ಆಕೆಗೆ ನಾನು ತವರಿನ ಹೆಣ್ಣುಮಗಳು, ಮನೆಗೆ ಬಂದರೆ ಮಣೆ ಹಾಕಿ ಮಡಿಲಿಗೆ ಅಕ್ಕಿ ಬೆಲ್ಲ ತುಂಬಿ ಕಳಿಸಬೇಕಾದವಳು, ನನ್ನ ಕೈಯಲ್ಲಿ ತನ್ನ ಗಂಡನ ಮೂತ್ರ ಎತ್ತಿಸುವುದೇ ಎಂದು ತಾನೇ ಬಚ್ಚಲಿಗೆ ಸುರಿದು ಜಾರ್ ತೊಳೆದು ಒರೆಸಿ ಬೋರಲು ಹಾಕಿದ್ದಾಳೆ, ನಾನು ಬೇರೆ ಭೇಷ್ ಎಂದಿದ್ದೇನೆ, ನಾಚಿಕೆಯಾಯಿತು, ಕಿವಿಯೆಲ್ಲ ಬಿಸಿ.

ಹೋಗಿ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, ಆಕೆ ಅಡಗಿಸಲೂ ಇಲ್ಲ, ಬೆಳಿಗ್ಗೆಯಿಂದ ಎರಡು ಸಲ ಸುರಿದೆನೆಂದು ಹೆಮ್ಮೆಯಿಂದಲೇ ಹೇಳಿದಳು, ನಮ್ಮೂರ ಎಣ್ಮಗ ನೀನು, ನಿನ್ ಕೈಲಿ ಇಂತಾದ್ ಎತ್ತಿಸ್ಬುಟ್ಟು ನಾನ್ ತವರಿಗೆ ಏನ್ ಮುಖ ತೋರ್ಸ್ಲವ್ವ. ನಾನು ಆ ನೀರಿನ ಲೆಕ್ಕದ ಮೇಲೆಯೇ ಮಿಷಿನ್ನು ಬೇಕೋ ಬೇಡವೋ ನಿಂತಿದೆ ಎಂದು ಬಿಡಿಸಿ ಹೇಳಿದಾಗ ಆಕೆಯ ಮುಖ ಬಿಳಿಚಿತು, ಗಂಡನ ಕಡೆ ನೋಡಿದಳು, ನನಗೆ ಆಕೆಯ ಮೇಲೆ ಸಿಟ್ಟು ಬರಲೇ ಇಲ್ಲ, ಪ್ರೀತಿ ಉಕ್ಕಿತು, ಅತ್ತೆ, ನಂಗೆ ಅಕ್ಕಿ ಬೆಲ್ಲ ಬೇಡ, ಆ ಜಾರ್ ತುಂಬಿಸಿ ಕೊಡಿ, ಅದೇ ನನ್ ಮಡಿಲಕ್ಕಿ, ಅಂದುಬಿಟ್ಟೆ, ಗೋಡೆಗೆ ಮುಖ ಮಾಡಿದ್ದ ಲಕ್ಕಣ್ಣನವರ ಬೆನ್ನು ಅಲುಗಿತು, ನಗುತ್ತಿದ್ದರು. ಡಾಕ್ಟರಿಗೆ ಫೋನ್ ಮಾಡಿದೆ, ತೂಕ ಹೇಳಿದೆ, ಸುರಿದದ್ದನ್ನೂ ಹೇಳಿದೆ, ನನ್ನ ತಪ್ಪು ಎಂದೂ ಹೇಳಿದೆ, ಸುರಿದದ್ದು ಬೇಡ ಸಿಸ್ಟರ್, ಅಳೆದದ್ದು ತೋರಿಸಿ, ಅಂದರು, ಸರಿಯೇ. ಒಂದು ಗಂಟೆ, ಒಂದೂಕಾಲು, ಫ್ಲೈಓವರಿನ ಹಾರ್ನುಗಳು, ನನ್ನ ಡಬ್ಬಿಯಲ್ಲಿ ಅವರೆಕಾಳು ಸಾರು ಆರುತ್ತಿದೆ, ಆರಲಿ, ಕಟ್ಟೆಯ ಮೇಲೆ ಜಾರ್ ಇಲ್ಲ, ಗೋಡೆಯ ಮೇಲೆ ಗೆರೆಗಳೂ ಇಲ್ಲ, ಮೂರನೇ ಹಾಸಿಗೆಯ ಪರದೆ ಎಳೆದಿದೆ, ಒಳಗೆ ಪಿಸುಮಾತು, ಆಮೇಲೆ ಸದ್ದು, ನಿಂತಿತು, ಮತ್ತೆ ಬಂತು, ನಾನು ಉಸಿರು ಹಿಡಿದು ಎಣಿಸುತ್ತಿದ್ದೇನೆ, ಎಂಥ ಕೆಲಸ ನನ್ನದು, ಇಂಥ ಸದ್ದಿಗೆ ಇಷ್ಟು ಸಂತೋಷ — ಪರದೆ ಸರಿಯಿತು, ದ್ರೌಪದಮ್ಮ, ಸೆರಗು ಹೆಗಲ ತುಂಬ ಹೊದ್ದು, ತಲೆ ಬಾಗಿಸಿ, ತಟ್ಟೆ ಹಿಡಿದವಳ ಹಾಗೆ ಎರಡೂ ಕೈಯಲ್ಲಿ ಮುಂದೆ ನೀಡಿದ್ದಾಳೆ, ಗ್ಲೌಸು ಹಾಕಿದ ನನ್ನ ಎರಡೂ ಕೈ ತಾವಾಗಿಯೇ ಚಾಚಿವೆ, ನಡುವೆ ಕಿಟಕಿಯ ಬಿಸಿಲು, ಬೋರಲಲ್ಲ, ನೆಟ್ಟಗೆ ನಿಂತ ಜಾರ್, ತಿಳಿಹಳದಿ, ಮುನ್ನೂರೈವತ್ತರ ಗೆರೆಯ ಮೇಲೆ ಅಲುಗಿ ನಿಂತಿದೆ, ಮುನ್ನೂರೈವತ್ತು, ಹಳದಿ, ಹೊಳೆಯುತ್ತಿದೆ